ರ‍್ಯಾಂಕಿಂಗ್ ಪಟ್ಟಿಯಲ್ಲಿ ಇಲ್ಲದ ಲಾ ಕಾಲೇಜಿಗೆ ಸೇರಬಹುದಾ?

ಪ್ರಶ್ನೆ: ಮಗಳು ಸೆಕೆಂಡ್ ಪಿಯುಸಿಯಲ್ಲಿದ್ದಾಳೆ. ಲಾಯರ್ ಆಗ್ತೀನಿ ಅಂತಾಳೆ. ಎನ್‌ಐಆರ್‌ಎಫ್ (ಕೇಂದ್ರ ಸರ್ಕಾರದ ಕಾಲೇಜು ರ‍್ಯಾಂಕಿಂಗ್) ಪಟ್ಟಿ ನೋಡಿದೆ, ತುಮಕೂರಿನ ಒಂದು ಕಾಲೇಜೂ ಇಲ್ಲ. ಇಲ್ಲಿ ಸೇರಿಸೋದೇ ಬೇಡವಾ?
– ಗುಬ್ಬಿಯ ಓದುಗರು

ಪಟ್ಟಿಯಲ್ಲಿ ಹೆಸರಿಲ್ಲ ಅನ್ನೋ ಒಂದೇ ಕಾರಣಕ್ಕೆ ಕೈಬಿಡಬೇಡಿ. ಆ ಪಟ್ಟಿ ಏನನ್ನು ಅಳೆಯುತ್ತದೆ ಅಂತ ಮೊದಲು ನೋಡಿ.

ಕೇಂದ್ರ ಶಿಕ್ಷಣ ಸಚಿವಾಲಯದ ಈ ಪಟ್ಟಿಗೆ ಕಾನೂನು ವಿಭಾಗ ಸೇರಿದ್ದು 2018ರಲ್ಲಿ. ಅಂದಿನಿಂದಲೂ ಮೊದಲ ಸ್ಥಾನ ಬೆಂಗಳೂರಿನ ನ್ಯಾಷನಲ್ ಲಾ ಸ್ಕೂಲ್‌ಗೇ. ನೂರಕ್ಕೆ 30 ಅಂಕ ಬೋಧನೆ ಮತ್ತು ಸೌಲಭ್ಯಕ್ಕೆ, 30 ಸಂಶೋಧನೆಗೆ, 20 ವಿದ್ಯಾರ್ಥಿಗಳ ಫಲಿತಾಂಶಕ್ಕೆ. ಎಲ್ಲ ವರ್ಗದವರಿಗೂ ಜಾಗ ಇದೆಯಾ ಅನ್ನೋದಕ್ಕೆ 10, ಸಂಸ್ಥೆಗಿರುವ ಹೆಸರಿಗೆ 10. ಜಿಲ್ಲಾ ಕೇಂದ್ರದ ಕಾಲೇಜುಗಳಲ್ಲಿ ಪಾಠವೇ ಮುಖ್ಯ ಕೆಲಸ, ಸಂಶೋಧನೆ ಕಡಿಮೆ. ಆ 30 ಅಂಕದಲ್ಲೇ ಅವು ಹಿಂದೆ ಬೀಳುತ್ತವೆ. ಅರ್ಜಿ ಹಾಕಿ ಮಾಹಿತಿ ಕೊಟ್ಟವರಿಗಷ್ಟೇ ರ‍್ಯಾಂಕ್ ಅನ್ನೋದೂ ನೆನಪಿರಲಿ. ಪಟ್ಟಿಯಲ್ಲಿರುವ ಕಾಲೇಜುಗಳನ್ನು ಹೋಲಿಸುವಾಗಲೂ ಒಂದೆರಡು ಸ್ಥಾನದ ವ್ಯತ್ಯಾಸಕ್ಕೆ ತಲೆ ಕೆಡಿಸಿಕೊಳ್ಳಬೇಡಿ. ಬೋಧನೆಗೆ ಎಷ್ಟು, ಫಲಿತಾಂಶಕ್ಕೆ ಎಷ್ಟು ಅಂತ ಬಿಡಿ ಅಂಕ ನೋಡಿ.

ಇನ್ನು, ಮಗಳಿಗೆ ಏನಾಗಬೇಕು ಅಂತ ಕೇಳಿ. ದೊಡ್ಡ ಲಾ ಫರ್ಮ್, ಕಾರ್ಪೊರೇಟ್ ಕೆಲಸ ಅಂದರೆ ರ‍್ಯಾಂಕಿಂಗ್ ನಿಜವಾಗಿಯೂ ಮುಖ್ಯ. ಆ ಫರ್ಮ್‌ಗಳು ಕ್ಯಾಂಪಸ್‌ಗೆ ಬರೋದು ಹೆಚ್ಚಾಗಿ ಮೇಲಿನ ಸಾಲಿನ ಕಾಲೇಜುಗಳಿಗೇ. ಹಾಗಿದ್ದರೆ ರಾಷ್ಟ್ರೀಯ ಕಾನೂನು ವಿಶ್ವವಿದ್ಯಾಲಯಗಳ ಪ್ರವೇಶ ಪರೀಕ್ಷೆ ಕ್ಲಾಟ್ ಬರೆಸಿ. ಈಚೆಗೆ ಅದು ಡಿಸೆಂಬರ್‌ನಲ್ಲೇ ನಡೆಯುತ್ತಿದೆ, ಪಿಯು ಪರೀಕ್ಷೆ ಮುಗಿಯಲಿ ಅಂತ ಕಾದರೆ ಒಂದು ವರ್ಷ ಹೋಯಿತು. ನ್ಯಾಷನಲ್ ಲಾ ಸ್ಕೂಲ್‌ನಲ್ಲಿ, ಕರ್ನಾಟಕದಲ್ಲಿ ಕನಿಷ್ಠ 10 ವರ್ಷ ಓದಿದವರಿಗೆ ಶೇ 25 ಮೀಸಲಾತಿ ಇದೆ. ನಮ್ಮ ಕಡೆಯ ಎಷ್ಟೋ ಮಕ್ಕಳಿಗೆ ಇದು ಗೊತ್ತೇ ಇರಲ್ಲ, ಅದು ಬೇಜಾರಿನ ಸಂಗತಿ. ಫೀಸು ಮಾತ್ರ ವರ್ಷಕ್ಕೆ ಲಕ್ಷಗಟ್ಟಲೆ, ಸ್ಕಾಲರ್‌ಶಿಪ್ ವಿಚಾರಿಸಿಯೇ ಮುಂದುವರಿಯಿರಿ.

ತುಮಕೂರು ಕೋರ್ಟ್‌ನಲ್ಲೇ ಪ್ರಾಕ್ಟೀಸ್ ಮಾಡ್ತೀನಿ ಅಂದರೆ ಲೆಕ್ಕವೇ ಬೇರೆ. ಯಾವ ಕಾಲೇಜಲ್ಲಿ ಓದಿದರೂ ಬಾರ್ ಕೌನ್ಸಿಲ್ (ವಕೀಲರ ಪರಿಷತ್ತು) ಕೊಡುವ ಸನ್ನದು, ಅಂದರೆ ವಕೀಲಿ ಮಾಡುವ ಪರವಾನಗಿ, ಒಂದೇ, ಬರೆಯಬೇಕಾದ ಬಾರ್ ಪರೀಕ್ಷೆಯೂ ಒಂದೇ. ಸಿವಿಲ್ ಜಡ್ಜ್ ಆಗೋ ಆಸೆ ಇದ್ದರೂ 3 ವರ್ಷದ ಪ್ರಾಕ್ಟೀಸ್ ಬೇಕು ಅಂತ ಸುಪ್ರೀಂ ಕೋರ್ಟ್ 2025ರ ಮೇನಲ್ಲಿ ಹೇಳಿದೆ. ಊರಿನ ಸೀನಿಯರ್‌ಗಳ ಪರಿಚಯ, ಕನ್ನಡದಲ್ಲಿ ಚೆನ್ನಾಗಿ ಬರೆಯೋ ಅಭ್ಯಾಸ ಇಲ್ಲಿ ಜಾಸ್ತಿ ಕೆಲಸಕ್ಕೆ ಬರುತ್ತದೆ.

ತುಮಕೂರಿನ ವಿದ್ಯೋದಯ, ಸುಫಿಯಾ ಎರಡೂ ಲಾ ಕಾಲೇಜಿಗೆ ಮಗಳನ್ನು ಕರ್ಕೊಂಡು ಹೋಗಿ ಬನ್ನಿ. ತರಗತಿ ನಡೆಯೋ ದಿನವೇ ಹೋಗಿ. ಲೈಬ್ರರಿಯಲ್ಲಿ ಭಾರತೀಯ ನ್ಯಾಯ ಸಂಹಿತೆಯ ಪುಸ್ತಕ ಕೇಳಿ. 2024ರ ಜುಲೈ 1ರಿಂದ ಐಪಿಸಿ ಜಾಗಕ್ಕೆ ಅದೇ ಬಂದಿದೆ. ಕಪಾಟಿನಲ್ಲಿ ಬರೀ ಹಳೇ ಐಪಿಸಿ ಪುಸ್ತಕಗಳೇ ಇದ್ದರೆ ನನಗಂತೂ ಅದು ಚಿಂತೆಯ ವಿಷಯ. ವಿದ್ಯಾರ್ಥಿಗಳು ಅಣಕು ವಾದ ಮಾಡುವ ಮೂಟ್ ಕೋರ್ಟ್ ಹಾಲ್ ತೆರೆಸಿ ನೋಡಿ. ಕೊನೇ ಸಲ ಯಾವಾಗ ವಾದ ಮಾಡಿದ್ರಿ ಅಂತ ಮೂರನೇ ವರ್ಷದ ವಿದ್ಯಾರ್ಥಿಯನ್ನೇ ಕೇಳಿ. ಆಮೇಲೆ ಕೋರ್ಟ್ ಆವರಣಕ್ಕೆ ಹೋಗಿ ಅಲ್ಲೇ ಓದಿ ಬಂದ ನಾಲ್ಕೈದು ಜೂನಿಯರ್ ವಕೀಲರನ್ನು ಮಾತಾಡಿಸಿ. ಯಾವ ಮೇಷ್ಟ್ರು ಪಾಠ ಚೆನ್ನಾಗಿ ಮಾಡ್ತಾರೆ ಅಂತ ಅವರಷ್ಟು ಸರಿಯಾಗಿ ಇನ್ಯಾರೂ ಹೇಳಲಾರರು.

ಯಾವ ಊರಿನ ಕಾಲೇಜೇ ಆಗಲಿ, ಫೀಸು ಕಟ್ಟುವ ಮುಂಚೆ ಭಾರತೀಯ ವಕೀಲರ ಪರಿಷತ್ತಿನ (ಬಾರ್ ಕೌನ್ಸಿಲ್ ಆಫ್ ಇಂಡಿಯಾ) ಮಾನ್ಯತೆ ಈ ವರ್ಷಕ್ಕೂ ಇದೆಯಾ ಅಂತ ಪತ್ರ ಕೇಳಿ ನೋಡಿ. ಅದಿಲ್ಲದಿದ್ದರೆ ಸನ್ನದಿಗೆ ತೊಂದರೆಯಾಗುತ್ತದೆ.