ಅರಿಶಿನದ ಮೇಲೆ ಒಂದು ಹನಿ ಅಯೋಡಿನ್

ಮೊನ್ನೆ ಪಕ್ಕದ ಮನೆಯ ಅಕ್ಕ ಒಂದು ಬಟ್ಟಲು ಹಿಡಿದುಕೊಂಡು ಬಂದರು. ಒಳಗೆ ಅರಿಶಿನದ ಪುಡಿ, ನಡುವೆ ಮಸಿ ಚೆಲ್ಲಿದ ಹಾಗೆ ಒಂದು ಕಪ್ಪು ಕಲೆ. "ನೋಡಿ, ಹಿಟ್ಟು ಬೆರೆಸಿದ್ದಾರೆ. ವಾಟ್ಸಾಪಿನಲ್ಲಿ ಬಂದ ಹಾಗೇ ಅಯೋಡಿನ್ ಹಾಕಿದೆ, ಕೂಡಲೇ ಹೀಗಾಯಿತು" ಅಂದರು. ಅಂಗಡಿಯವನ ಜೊತೆ ಜಗಳಕ್ಕೂ ತಯಾರಾಗಿದ್ದರು.

ಅವರ ಮನೆಯಿಂದಲೇ ಒಂದು ಅರಿಶಿನ ಕೊಂಬು ತರಿಸಿದೆ. ಮುರಿದು, ಮುರಿದ ಕಡೆ ನೀರು ಸವರಿ, ಅದೇ ಸೀಸೆಯಿಂದ ಒಂದು ಹನಿ ಬಿಟ್ಟೆ. ಅದೂ ಕಪ್ಪಾಯಿತು. ಕೊಂಬಿಗೆ ಯಾರು ಹಿಟ್ಟು ಬೆರೆಸುತ್ತಾರೆ? ಅರಿಶಿನವೂ ಆಲೂಗಡ್ಡೆಯ ಹಾಗೆ ನೆಲದೊಳಗಿನ ಗೆಡ್ಡೆಯೇ ಅಲ್ವಾ? ಹಿಟ್ಟಿನಲ್ಲಿರುವ ಪಿಷ್ಟ, ಅಂದರೆ ಸ್ಟಾರ್ಚ್, ಅದರಲ್ಲೂ ಹುಟ್ಟಿನಿಂದಲೇ ಇರುತ್ತದೆ.

ಆಹಾರ ಪರೀಕ್ಷೆಯ ಲ್ಯಾಬಿನಲ್ಲಿ ಕೆಲಸ ಮಾಡುವ ನನಗೆ ಈ ಗೊಂದಲ ಹೊಸದಲ್ಲ. ಪಿಷ್ಟ ತಗುಲಿದರೆ ಅಯೋಡಿನ್ ನೀಲಿಯಾಗುತ್ತದೆ, ದಟ್ಟವಾದರೆ ಕಪ್ಪಾಗಿಯೇ ಕಾಣುತ್ತದೆ. ಅದು ಹೇಳುವುದು "ಇಲ್ಲಿ ಪಿಷ್ಟ ಇದೆ" ಅಂತ ಮಾತ್ರ. ಅದು ಇರಬೇಕಾದ ಜಾಗವೋ ಅಲ್ಲವೋ ಅಂತ ನಾವೇ ನೋಡಬೇಕು. ಇಂಗಿನ ಡಬ್ಬಿಯ ಮೇಲೆ ಬರೆದಿರುವುದನ್ನು ಒಮ್ಮೆ ಓದಿ. ಗೋಂದು, ಮೈದಾ ಅಥವಾ ಅಕ್ಕಿ ಹಿಟ್ಟು ಅಂತ ಅವರೇ ಹೇಳಿರುತ್ತಾರೆ. ಅಲ್ಲಿ ನೀಲಿ ಬಂದರೆ ಮೋಸವೇನಿಲ್ಲ. ಹಾಲು, ಖೋವಾ, ಪನೀರ್, ಬೆಣ್ಣೆಯ ಮಾತು ಬೇರೆ. ಹಸು ಎಮ್ಮೆಗಳ ಹಾಲಿನಲ್ಲಿ ಪಿಷ್ಟ ಇರುವುದೇ ಇಲ್ಲ. ಇಲ್ಲಿ ನೀಲಿ ಬಂದರೆ ಯಾರೋ ಕೈಯಾಡಿಸಿದ್ದಾರೆ ಅಂತಲೇ ಲೆಕ್ಕ.

ಹಾಲಿಗೆ ಹಿಟ್ಟು ಯಾಕೆ ಬೇಕು? ನೀರು ಬೆರೆಸಿದರೆ ಹಾಲು ತೆಳ್ಳಗಾಗಿ, ಹಾಲಿನ ಸಾಂದ್ರತೆ ನೋಡಲು ಅದರಲ್ಲಿ ತೇಲಿಬಿಡುವ ಲ್ಯಾಕ್ಟೋಮೀಟರ್ ಜಾಸ್ತಿ ಮುಳುಗುತ್ತದೆ, ಕಳ್ಳತನ ಗೊತ್ತಾಗುತ್ತದೆ. ಸ್ವಲ್ಪ ಗಂಜಿ ಸೇರಿಸಿದರೆ ಹಾಲು ಮತ್ತೆ ದಪ್ಪ, ಲ್ಯಾಕ್ಟೋಮೀಟರೂ ಮೇಲೆ. ಖೋವಾದಲ್ಲಿ ಇನ್ನೂ ಸುಲಭ, ಹಿಟ್ಟು ಹಾಕಿದಷ್ಟೂ ತೂಕ.

ಪರೀಕ್ಷೆಗೆ ಮೆಡಿಕಲ್ ಸ್ಟೋರಿನ ಟಿಂಕ್ಚರ್ ಅಯೋಡಿನ್ ಸಾಕು. ಗಾಯಕ್ಕೆ ಹಚ್ಚುವ ಪೊವಿಡೋನ್ ಅಯೋಡಿನ್ ಆದರೂ ಸರಿ, ನೀರು ಬೆರೆಸಿ ಹಾಲಿಲ್ಲದ ಟೀ ಬಣ್ಣಕ್ಕೆ ತಂದುಕೊಳ್ಳಿ. ಕಡಲೆಬೇಳೆ ಗಾತ್ರದ ಖೋವಾವನ್ನು ಒಂದು ಚಮಚ ನೀರಿನಲ್ಲಿ ಕುದಿಸಿ. ಪೂರ್ತಿ ತಣಿಯಲಿ. ಆಮೇಲೆ ಎರಡು ಮೂರು ಹನಿ.

"ತಣಿಯಲಿ" ಅನ್ನುವುದನ್ನು ನಾನು ಕಲಿತದ್ದು ಮುಖಭಂಗ ಮಾಡಿಕೊಂಡು. ಕೆಲಸಕ್ಕೆ ಸೇರಿದ ಹೊಸತು. ಆತುರದಲ್ಲಿ ಬಿಸಿ ಖೋವಾ ನೀರಿಗೇ ಅಯೋಡಿನ್ ಹಾಕಿ, ಬಣ್ಣ ಬರಲಿಲ್ಲ ಅಂತ "ಪಿಷ್ಟ ಇಲ್ಲ" ಎಂದು ಬರೆದುಬಿಟ್ಟೆ. ನಮ್ಮ ಹಿರಿಯರು ಏನೂ ಅನ್ನಲಿಲ್ಲ. ಟೆಸ್ಟ್‌ಟ್ಯೂಬನ್ನು ನಲ್ಲಿ ನೀರಿನ ಕೆಳಗೆ ಹಿಡಿದರು, ಅಷ್ಟೇ. ತಳದಿಂದ ನೀಲಿ ಏರುತ್ತಾ ಬಂತು, ಮೋಡ ಕವಿದ ಹಾಗೆ. ಪಿಷ್ಟದ ಉದ್ದನೆಯ ಎಳೆ ಸ್ಪ್ರಿಂಗಿನ ಹಾಗೆ ಸುತ್ತಿಕೊಂಡಿರುತ್ತದೆ. ಅಯೋಡಿನ್ ಆ ಸುರುಳಿಯ ಒಳಗೆ ಹೊಕ್ಕರೆ ನೀಲಿ. ಬಿಸಿಯಲ್ಲಿ ಅದು ಒಳಗೆ ನಿಲ್ಲುವುದಿಲ್ಲ, ತಣಿದರೆ ಮತ್ತೆ ಹೊಕ್ಕುತ್ತದೆ. ವರದಿ ಹರಿದು ಮತ್ತೆ ಬರೆದೆ.

ಇನ್ನೊಂದು ಎಡವಟ್ಟು ಲಿಂಬೆಯದು. ಲಿಂಬೆರಸದ ವಿಟಮಿನ್ ಸಿ ಅಯೋಡಿನ್ ಬಣ್ಣವನ್ನೇ ಅಳಿಸುತ್ತದೆ. ಲಿಂಬೆ ಹಿಂಡಿದ ತಿನಿಸಿನಲ್ಲಿ ಪಿಷ್ಟ ಇದ್ದರೂ ಹನಿ ಬಿದ್ದ ಜಾಗ ಬೆಳ್ಳಗೇ ಉಳಿಯಬಹುದು. ಕೈಗೆ ಕಲೆಯಾದರೆ ಮಾತ್ರ ಇದೇ ಲಿಂಬೆ ಉಪಕಾರಿ. ಹಾಗೆಯೇ, ಹಾಲು ನೀಲಿಯಾಗಲಿಲ್ಲ ಅಂದ ಮಾತ್ರಕ್ಕೆ ಶುದ್ಧ ಅಂತಲ್ಲ. ಸಕ್ಕರೆ, ಯೂರಿಯಾ, ಸುಮ್ನೆ ನೀರು ಯಾವುದನ್ನೂ ಅಯೋಡಿನ್ ಹಿಡಿಯುವುದಿಲ್ಲ.

ಆದ್ದರಿಂದ ಒಂಟಿ ಪರೀಕ್ಷೆಯನ್ನು ನಾನು ನಂಬುವುದಿಲ್ಲ. ಪಕ್ಕದಲ್ಲಿ ಗೊತ್ತಿರುವ ಎರಡು ಬಟ್ಟಲು ಇರಲಿ. ಒಂದರಲ್ಲಿ ಅನ್ನದ ಗಂಜಿ, ಇನ್ನೊಂದರಲ್ಲಿ ಬರೀ ನೀರು. ಗಂಜಿಯೇ ನೀಲಿಯಾಗದಿದ್ದರೆ ನಿಮ್ಮ ಅಯೋಡಿನ್ ಹಳತಾಗಿದೆ ಅಂತ ಅರ್ಥ. ಮಕ್ಕಳಿದ್ದರೆ ಬಾಳೆಕಾಯಿ, ದೋರೆಗಾಯಿ, ಕಳಿತ ಹಣ್ಣು ಮೂರರ ಹೋಳಿಗೂ ಒಂದೊಂದು ಹನಿ ಬಿಟ್ಟು ತೋರಿಸಿ. ಕಾಯಿ ಕಡುನೀಲಿ, ಹಣ್ಣಿನಲ್ಲಿ ಹೆಚ್ಚುಕಡಿಮೆ ಬರೀ ಕಂದು, ಏಕೆಂದರೆ ಪಿಷ್ಟ ಸಕ್ಕರೆಯಾಗಿರುತ್ತದೆ. ಗಂಜಿ ಹಾಕಿ ಇಸ್ತ್ರಿ ಮಾಡಿದ ಪಂಚೆಯೂ ನೀಲಿಯಾಗುತ್ತದೆ, ಆದರೆ ಯಜಮಾನರನ್ನು ಕೇಳಿ ಮಾಡಿ! ಅಯೋಡಿನ್ ಬಿದ್ದ ಯಾವುದನ್ನೂ ತಿನ್ನಬೇಡಿ, ಚೆಲ್ಲಿಬಿಡಿ.

ಅಕ್ಕ ಅರಿಶಿನ ಬಿಟ್ಟು ಖೋವಾ ಹಿಡಿದುಕೊಂಡರು. ಮಾರನೆಯ ದಿನ ಫೋನು: "ತಣಿಸಿಯೇ ಹಾಕಿದೆ, ನೀಲಿಯಾಯಿತು. ಈಗ ಅಂಗಡಿಗೆ ಹೋಗಲಾ?" ಬಟ್ಟಲು ಹಿಡಿದು ಹೋಗಬೇಡಿ ಅಂದೆ. ಮನೆಯ ಪರೀಕ್ಷೆ ಅನುಮಾನಕ್ಕೆ ಸಾಕು, ಸಾಕ್ಷಿಗೆ ಸಾಲದು. 2006ರ ಆಹಾರ ಸುರಕ್ಷತಾ ಕಾಯ್ದೆಯ 40ನೇ ಸೆಕ್ಷನ್ ಪ್ರಕಾರ ಕೊಂಡವರೇ ಶುಲ್ಕ ಕಟ್ಟಿ ಆಹಾರ ವಿಶ್ಲೇಷಕರಿಂದ ಪರೀಕ್ಷೆ ಮಾಡಿಸಬಹುದು. ಆದರೆ ಕೊಳ್ಳುವಾಗಲೇ "ಇದನ್ನು ಪರೀಕ್ಷೆಗೆ ಕೊಡುತ್ತೇನೆ" ಎಂದು ಅಂಗಡಿಯವರಿಗೆ ತಿಳಿಸಬೇಕು. ಕಾಯ್ದೆ ಮುರಿದದ್ದು ವರದಿಯಲ್ಲಿ ಕಂಡರೆ ಕಟ್ಟಿದ ಶುಲ್ಕ ವಾಪಸ್.

"ಅಷ್ಟು ಹೇಳಿದ ಮೇಲೆ ಅವನು ಆ ಖೋವಾ ಕೊಡ್ತಾನಾ?" ಅಂದರು ಅಕ್ಕ.