ಚಾಂಪಿಯನ್ ಅಂದರೆ ಕಪ್ ಗೆದ್ದವನು ಮಾತ್ರ ಅಲ್ಲ

ಇಂಗ್ಲಿಷ್ ಬರಹ ತಿದ್ದುವುದು ನನ್ನ ಕೆಲಸ. ಕೈಗೆ ಬರುವ ಪ್ರತಿಗಳಲ್ಲಿ ಮತ್ತೆ ಮತ್ತೆ ಕಾಣುವ ವಾಕ್ಯ ಒಂದಿದೆ: ‘ಶಿ ಚಾಂಪಿಯನ್ಡ್ ಫಾರ್ ವಿಮೆನ್ಸ್ ರೈಟ್ಸ್’, ಅಂದರೆ ಆಕೆ ಮಹಿಳೆಯರ ಹಕ್ಕುಗಳ ಪರ ಹೋರಾಡಿದಳು ಅಂತ. ನಾನು ‘ಫಾರ್’ ಹೊಡೆದು ಹಾಕುತ್ತೇನೆ. ‘ಫಾಟ್ ಫಾರ್’ (ಪರವಾಗಿ ಹೋರಾಡಿದಳು) ಸರಿ ಅಂದಮೇಲೆ ಇದ್ಯಾಕೆ ತಪ್ಪು ಅಂತ ಬರೆದವರು ಕೇಳುತ್ತಾರೆ. ಕೇಳಬೇಕಾದ ಪ್ರಶ್ನೆಯೇ. ‘ಪರವಾಗಿ’ ಅನ್ನುವ ಅರ್ಥ ಚಾಂಪಿಯನ್ ಅನ್ನುವ ಕ್ರಿಯಾಪದದ ಹೊಟ್ಟೆಯಲ್ಲೇ ಇದೆ. ಅದಕ್ಕೇ ಇನ್ನೊಂದು ‘ಫಾರ್’ ಬೇಡ.

ನಮಗೆ ಚಾಂಪಿಯನ್ ಅಂದರೆ ಪಂದ್ಯ ಗೆದ್ದವರು. ಆ ಅರ್ಥ ಹುಟ್ಟಿದ್ದು 18ನೇ ಶತಮಾನದಲ್ಲಿ. ಪದ ಅದಕ್ಕಿಂತ ಬಹಳ ಹಳೆಯದು. ಲ್ಯಾಟಿನ್‌ನಲ್ಲಿ ‘ಕ್ಯಾಂಪಸ್’ ಅಂದರೆ ಬಯಲು. ಬಯಲಿಗಿಳಿದು ಕಾದಾಡುವವನು ‘ಕ್ಯಾಂಪಿಯೊ’. ಅದು ಹಳೆಯ ಫ್ರೆಂಚ್ ದಾಟಿ 13ನೇ ಶತಮಾನದ ಹೊತ್ತಿಗೆ ಇಂಗ್ಲಿಷಿಗೆ ಬಂತು. ಕ್ಯಾಂಪ್, ಕ್ಯಾಂಪೇನ್ ಇದರ ನೆಂಟರು. ಶಾಂಪೇನ್ ಕೂಡ!

ಆಗಿನ ಇಂಗ್ಲೆಂಡಿನಲ್ಲಿ ಚಾಂಪಿಯನ್‌ಗೆ ಕೋರ್ಟಿನಲ್ಲೇ ಕೆಲಸ ಇತ್ತು. 1066ರಲ್ಲಿ ಫ್ರಾನ್ಸ್ ಕಡೆಯಿಂದ ಬಂದು ಇಂಗ್ಲೆಂಡ್ ಗೆದ್ದ ನಾರ್ಮನ್ನರು ಕಾಳಗದಿಂದ ವ್ಯಾಜ್ಯ ತೀರಿಸುವ ಪದ್ಧತಿಯನ್ನೂ ತಂದಿದ್ದರು. ಜಮೀನಿನ ಜಗಳ ಇದ್ದರೆ ಎರಡೂ ಕಡೆಯವರು ತಮ್ಮ ತಮ್ಮ ಚಾಂಪಿಯನ್ನನ್ನು ಕಣಕ್ಕಿಳಿಸುತ್ತಿದ್ದರು. ದುಡ್ಡು ತಗೊಂಡು ಹೊಡೆದಾಡುವವರೂ ಇದ್ದರು. ಚಾಂಪಿಯನ್ ಸೋತರೆ ಕಳಿಸಿದವರ ಜಮೀನು ಹೋಯಿತು. ಪೆಟ್ಟು ಒಬ್ಬರದು, ಆಸ್ತಿ ಇನ್ನೊಬ್ಬರದು!

ಈ ಕಾನೂನು ಬಳಕೆ ತಪ್ಪಿದ್ದರೂ ಪುಸ್ತಕದಲ್ಲಿ ಹಾಗೇ ಉಳಿದಿತ್ತು. 1817ರಲ್ಲಿ ಕೊಲೆ ಆರೋಪ ಹೊತ್ತ ಅಬ್ರಹಾಂ ಥಾರ್ನ್‌ಟನ್ ಎಂಬಾತ, ಕೋರ್ಟಿನಲ್ಲೇ ಕೈಗವಸು ಎಸೆದು ಮೊಕದ್ದಮೆ ಹೂಡಿದವನಿಗೆ ‘ಬಾ ಕಾಳಗಕ್ಕೆ’ ಎಂದು ಸವಾಲು ಹಾಕಿದ. ಕಾನೂನು ಇನ್ನೂ ಇದೆಯಲ್ಲ, ನ್ಯಾಯಾಧೀಶರು ಒಪ್ಪಲೇಬೇಕಾಯಿತು. ಎದುರಾಳಿ ಹಿಂದೆ ಸರಿದ, ಥಾರ್ನ್‌ಟನ್ ಬಿಡುಗಡೆಯಾದ. 1819ರಲ್ಲಿ ಪಾರ್ಲಿಮೆಂಟು ಆ ಪದ್ಧತಿಯನ್ನೇ ತೆಗೆದುಹಾಕಿತು. ಬಯಲು ಹೋಯಿತು, ಪದ ಉಳಿಯಿತು. ಚಾಂಪಿಯನ್ ಯಾರ ಪರ ಕಾದಾಡುತ್ತಿದ್ದನೋ ಆ ಜನರ ಜಾಗದಲ್ಲಿ ಹಕ್ಕು, ಸುಧಾರಣೆ, ವಿಚಾರಗಳು ಬಂದವು.

ಹಾಗಾಗಿ ಈ ಪದವನ್ನು ಸುಮ್ನೆ ಖರ್ಚು ಮಾಡಬಾರದು ಅನ್ನೋದು ನನ್ನ ಹಟ. ಬಹುಕಾಲ ಬಹಿರಂಗವಾಗಿ ನಿಂತು, ವಿರೋಧ ಎದುರಿಸಿದವರಿಗೆ ಅದು ಸಲ್ಲುತ್ತದೆ. ಒಂದು ಸಭೆಗೆ ಬಂದು ಫೋಟೊ ತೆಗೆಸಿಕೊಂಡವರಿಗೆ ‘ಸಪೋರ್ಟೆಡ್’ ಅಂದರೆ ಧಾರಾಳ ಆಯಿತು. ‘ಎಂಡಾರ್ಸ್’ (ಅನುಮೋದಿಸು) ಇನ್ನೂ ಹಗುರ. ದಾಖಲೆಯ ಬೆನ್ನಿಗೆ ಸಹಿ ಹಾಕುವುದರಿಂದ ಬಂದದ್ದು ಅದು. ‘ಎಸ್ಪೌಸ್’ ಬೇರೆ ದಾರಿ ಹಿಡಿಯುತ್ತದೆ. ಗಂಡನಿಗೋ ಹೆಂಡತಿಗೋ ಹೇಳುವ ‘ಸ್ಪೌಸ್’ ಅದರೊಳಗೇ ಇದೆ, ಅಂದರೆ ಒಂದು ವಿಚಾರವನ್ನು ಕೈಹಿಡಿಯುವುದು. ತತ್ವವನ್ನು ಹೀಗೆ ಕೈಹಿಡಿದವರು ಮನೆಯಲ್ಲೇ ಕೂತಿರಬಹುದು. ಚಾಂಪಿಯನ್ ಹಾಗೆ ಕೂರುವಂತಿಲ್ಲ.

ನಾಮಪದವಾಗಿ ಬಳಸುವಾಗ ‘ಆಫ್’ ಬೇಕು, ಆದರೆ ಅಲ್ಲೂ ಸ್ವಲ್ಪ ಹುಷಾರು. ‘ಚಾಂಪಿಯನ್ ಆಫ್ ದಿ ಪೂರ್’ ಅಂದರೆ ಬಡವರ ಪರ ನಿಂತವರು. ಅದನ್ನು ‘ಬಡವರಲ್ಲೇ ಮೊದಲ ಸ್ಥಾನ ಪಡೆದವರು’ ಎಂದು ಅನುವಾದಿಸಿದ ಒಂದು ಪ್ರತಿ ಒಮ್ಮೆ ನನ್ನ ಮೇಜಿಗೆ ಬಂದಿತ್ತು.