ಗುಡ್ಡದ ಟ್ಯಾಂಕಿನಿಂದ ರಾತ್ರಿಗೆ ಕರೆಂಟು ಸಿಗ್ತದಾ?

ಕಾಸರಗೋಡಿನ ಬದಿಯಡ್ಕ, ಪೆರ್ಲ ಕಡೆ ಸೋಲಾರ್ ಪಂಪ್ ಕೂರಿಸಲು ಹೋದರೆ ತೋಟದವರು ಕೇಳಿಯೇ ಕೇಳುತ್ತಾರೆ: "ಹಗಲು ಬಿಸಿಲಿಗೆ ಗುಡ್ಡದ ಟ್ಯಾಂಕ್ ತುಂಬ್ತದಲ್ಲ, ರಾತ್ರಿ ಅದೇ ನೀರು ಕೆಳಗೆ ಬಿಟ್ಟು ಸಣ್ಣ ಟರ್ಬೈನ್ ತಿರುಗಿಸಿದ್ರೆ ಬ್ಯಾಟರಿ ಯಾಕೆ?"

ಲೆಕ್ಕ ಹಾಕೋಣ. ಟ್ಯಾಂಕ್ 10,000 ಲೀಟರಿನದು, ಮನೆಗಿಂತ 30 ಮೀಟರ್ ಮೇಲಿದೆ ಎಂದಿಟ್ಟುಕೊಳ್ಳಿ. ಆ ನೀರು ಕೆಳಗಿಳಿದರೆ 0.8 ಯೂನಿಟ್. ಪೈಪು, ಟರ್ಬೈನ್ ತಮ್ಮ ಪಾಲು ತಿಂದ ಮೇಲೆ ಉಳಿಯುವುದು ಅರ್ಧ ಯೂನಿಟ್. ಒಂದು ಫ್ಯಾನ್ ಆರೇಳು ಗಂಟೆ ತಿರುಗಬಹುದು. ನೀರು ಮೇಲೇರಿಸಲು ಪಂಪ್ ತಿಂದದ್ದೇ ಒಂದೂವರೆ ಯೂನಿಟ್! ಇನ್ವರ್ಟರಿನ 150 ಎಎಚ್ ಬ್ಯಾಟರಿಯಲ್ಲಿ 1.8 ಯೂನಿಟ್ ಇರುತ್ತದೆ. ಅರ್ಧ ಮಾತ್ರ ಬಳಸಿದರೂ ಟ್ಯಾಂಕಿಗಿಂತ ಜಾಸ್ತಿ.

ದೊಡ್ಡ ಮಟ್ಟದಲ್ಲಿ ಕಥೆಯೇ ಬೇರೆ. ಕರೆಂಟು ಜಾಸ್ತಿ ಇದ್ದಾಗ ನೀರನ್ನು ಮೇಲಿನ ಕೆರೆಗೆ ಏರಿಸಿ, ಬೇಕಾದಾಗ ಇಳಿಸಿ ಕರೆಂಟು ಮಾಡುವುದಕ್ಕೆ ಪಂಪ್ಡ್ ಸ್ಟೋರೇಜ್ ಅನ್ನುತ್ತಾರೆ. ಕೊಯಮತ್ತೂರು ಜಿಲ್ಲೆಯ ಕಡಂಪಾರೈ ಪಂಪ್ಡ್ ಸ್ಟೋರೇಜ್ 400 ಮೆಗಾವಾಟಿನದು, 1987ರಲ್ಲಿ ಶುರುವಾದದ್ದು. ಅಲ್ಲಿ ನೀರು ಸುಮಾರು 380 ಮೀಟರ್ ಇಳಿಯುತ್ತದೆ, ಹಾಗಾಗಿ ಸಾವಿರ ಲೀಟರಿಗೆ ಹತ್ತಿರಹತ್ತಿರ ಒಂದು ಯೂನಿಟ್ ಸಿಗುತ್ತದೆ. ಯಂತ್ರಗಳೂ ದೊಡ್ಡವು. ಇಂಥ ಘಟಕಗಳಲ್ಲಿ ಏರಿಸಲು ನೂರು ಯೂನಿಟ್ ಹಾಕಿದರೆ 75ರಿಂದ 80 ವಾಪಸು ಬರುತ್ತದೆ.

ಹಾಗಾದರೆ ನಮ್ಮ ಕಾಸರಗೋಡು ಜಿಲ್ಲೆಯ ಮೈಲಾಟ್ಟಿಗೆ ಕರೆಂಟು ಕೂಡಿಡುವ ಬ್ಯಾಟರಿ ಘಟಕವನ್ನೇ ಯಾಕೆ ಗೊತ್ತುಮಾಡಿದರು? ಅದು 125 ಮೆಗಾವಾಟ್, ನಾಲ್ಕು ಗಂಟೆಗೆ 5 ಲಕ್ಷ ಯೂನಿಟ್. ಇಷ್ಟನ್ನೇ ನೂರು ಮೀಟರ್ ಎತ್ತರದ ಗುಡ್ಡದಲ್ಲಿ ನೀರಾಗಿ ಇಡಬೇಕಾದರೆ, ಹತ್ತು ಮೀಟರ್ ಆಳದ 50 ಎಕರೆ ಕೆರೆ ಬೇಕು. ಮೇಲೆ ಒಂದು, ಕೆಳಗೆ ಒಂದು. ಜೊತೆಗೆ ನಮ್ಮ ಪದವುಗಳ (ಗುಡ್ಡದ ಮೇಲಿನ ಬಯಲುಗಳ) ಮುರಕಲ್ಲು, ಅಂದರೆ ಜಂಬಿಟ್ಟಿಗೆ, ನೀರು ನಿಲ್ಲಿಸುವುದಿಲ್ಲ. ಮಳೆನೀರು ಅದರೊಳಗೆ ಇಳಿಯುವುದರಿಂದಲೇ ಅಲ್ವಾ ನೀರಿಗಾಗಿ ಗುಡ್ಡಕ್ಕೆ ಅಡ್ಡಲಾಗಿ ಕೊರೆದ ನಮ್ಮ ಸುರಂಗಗಳಿಗೆ ನೀರು ಬರುವುದು? ಕೆರೆಯ ತಳ ಪೂರ್ತಿ ಹಾಸು ಹಾಕಬೇಕು. ಆ ಖರ್ಚು ಬೇರೆ.

ಪಂಪ್ಡ್ ಸ್ಟೋರೇಜಿಗೆ ದೇಶದಲ್ಲಿ ಈಗ ಮೆಗಾವಾಟಿಗೆ 5ರಿಂದ 8 ಕೋಟಿ ರೂಪಾಯಿಯ ಅಂದಾಜಿದೆ. ಎತ್ತರ ಕಮ್ಮಿಯಾದಷ್ಟೂ ಕೆರೆ, ಪೈಪು, ಟರ್ಬೈನ್ ಎಲ್ಲವೂ ದೊಡ್ಡದಾಗುತ್ತವೆ, ದರವೂ ಏರುತ್ತದೆ. ಒಮ್ಮೆ ಕಟ್ಟಿದರೆ ನಲವತ್ತು ವರ್ಷಕ್ಕೂ ಮೇಲೆ ಬಾಳುತ್ತದೆ. ಬ್ಯಾಟರಿ ಹತ್ತು ಹದಿನೈದು ವರ್ಷಕ್ಕೆ ಬದಲಾಗಬೇಕು. ಪಶ್ಚಿಮ ಘಟ್ಟದಂಥ ಎತ್ತರ ಇದ್ದಲ್ಲಿ ನಾನು ನೀರಿನ ಪರ, ಕಾಡು ಮುಳುಗಿಸದಿದ್ದರೆ ಮಾತ್ರ.

ನಿಮ್ಮ ಟ್ಯಾಂಕಿಗೆ ಟರ್ಬೈನ್ ಬೇಡ. ನೀರನ್ನು ಸುಮ್ನೆ ಸ್ಪ್ರಿಂಕ್ಲರಿಗೆ ಬಿಡಿ. 30 ಮೀಟರಿಗೆ ಹೆಚ್ಚುಕಮ್ಮಿ 3 ಕೆ.ಜಿ. ಪ್ರೆಶರ್ ಬರುತ್ತದೆ. ಪೈಪು ತೀರಾ ಸಣ್ಣದಲ್ಲದಿದ್ದರೆ ಅಡಿಕೆ ತೋಟಕ್ಕೆ ಧಾರಾಳ ಸಾಕು. ಸಂಜೆ ಮೇಲೆ ಮೋಟಾರ್ ಹಾಕುವುದೇ ಬೇಡ.